ಯಂತ್ರನಿದಾನ: ಹಳೆಯ ಪಿಕಪ್ ವಾಹನದ ಎರಡು ವ್ಯಾಧಿಗಳ ವಿಚಾರ

ಸಂಸ್ಕೃತದಲ್ಲಿ 'ನಿದಾನ' ಎಂಬುದು ಒಂದು ಶಬ್ದ, 'ನಿಧಾನ' ಎಂಬುದು ಮತ್ತೊಂದು. ಅಲ್ಪಪ್ರಾಣದ ದಕಾರವುಳ್ಳ ಮೊದಲನೆಯದಕ್ಕೆ ಮೂಲಕಾರಣ, ರೋಗಕಾರಣ, ರೋಗನಿರ್ಣಯ ಎಂಬ ಅರ್ಥಗಳಿವೆ. ಮಹಾಪ್ರಾಣದ ಧಕಾರವುಳ್ಳ ಎರಡನೆಯದಕ್ಕೆ ನಿಧಿ, ಕೂಡಿಟ್ಟ ಸಂಪತ್ತು ಎಂಬ ಅರ್ಥ. ಕನ್ನಡದ ಬಳಕೆಯಲ್ಲಿ ಈ ಎರಡನೆಯ ಶಬ್ದಕ್ಕೆ ಸಾವಕಾಶ, ತಾಳ್ಮೆ ಎಂಬ ಅರ್ಥವೂ ಸೇರಿತು. ಆಡುಮಾತಿನಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಆಗಿ ಕೇಳಿಸುತ್ತವೆ. ವೈಯಾಕರಣನಿಗೆ ಇದು ತಿದ್ದಬೇಕಾದ ದೋಷ. ಆದರೆ ಕೆಟ್ಟು ನಿಂತ ಯಂತ್ರದ ಮುಂದೆ ನಿಂತವನಿಗೆ ಈ ಮೂರು ಅರ್ಥಗಳೂ ಒಟ್ಟಿಗೆ ಬೇಕಾಗುತ್ತವೆ. ತಾಳ್ಮೆಯಿಲ್ಲದವನಿಗೆ ಮೂಲಕಾರಣ ದೊರೆಯದು. ಮೂಲಕಾರಣ ದೊರೆಯದವನ ಕೈಯಲ್ಲಿ ಹಣ ಉಳಿಯದು.

ವೈದ್ಯಶಾಸ್ತ್ರದಲ್ಲಿ ಮಾಧವಕರನ 'ರುಗ್ವಿನಿಶ್ಚಯ'ವೆಂಬ ಗ್ರಂಥವು 'ಮಾಧವನಿದಾನ'ವೆಂದೇ ಪ್ರಸಿದ್ಧವಾಗಿದೆ. ಚಿಕಿತ್ಸೆಯನ್ನು ಬದಿಗಿರಿಸಿ ರೋಗನಿರ್ಣಯವನ್ನೇ ಪ್ರತಿಪಾದಿಸುವುದು ಆ ಗ್ರಂಥದ ವೈಶಿಷ್ಟ್ಯ. ರೋಗವನ್ನು ತಿಳಿಯುವುದಕ್ಕೆ ನಿದಾನ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿ ಎಂಬ ಐದು ಸಾಧನಗಳನ್ನು ಆಯುರ್ವೇದವು ಹೇಳುತ್ತದೆ. ಕಾರಣ, ಮುನ್ಸೂಚನೆ, ಲಕ್ಷಣ, ಪ್ರಯೋಗದಿಂದ ಕಾಣುವ ಶಮನ, ವ್ಯಾಧಿ ಬೆಳೆದುಬಂದ ಬಗೆ ಎಂದು ಇವುಗಳನ್ನು ತಿಳಿಗನ್ನಡದಲ್ಲಿ ಹೇಳಬಹುದು. ದೇಹಕ್ಕೆ ಹೇಳಿದ ಈ ಕ್ರಮವು ಯಂತ್ರಕ್ಕೂ ಎಷ್ಟು ಚೆನ್ನಾಗಿ ಒಪ್ಪುತ್ತದೆ ಎಂಬುದನ್ನು ಒಂದು ಹಳೆಯ ಪೆಟ್ರೋಲ್ ಪಿಕಪ್ ವಾಹನದ ಎರಡು ಸಾಮಾನ್ಯ ವ್ಯಾಧಿಗಳ ಮೂಲಕ ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಆ ವ್ಯಾಧಿಗಳಲ್ಲಿ ಒಂದು, ಎಂಜಿನು ಬೇಗ ಸ್ಟಾರ್ಟ್ ಆಗದಿರುವುದು. ಇನ್ನೊಂದು, ಆಕ್ಸಿಲರೇಟರನ್ನು ಒತ್ತದೆ ಬಿಟ್ಟಾಗ ಎಂಜಿನು ಸಮವಾಗಿ ನಡೆಯದೆ ನಡುಗುವುದು. ಚಾಲಕರು ಈ ಎರಡನೆಯದನ್ನು 'ಐಡ್ಲಿಂಗ್ ನಿಲ್ಲುವುದಿಲ್ಲ', 'ಮಿಸ್ ಹೊಡೆಯುತ್ತದೆ' ಎನ್ನುತ್ತಾರೆ. ಇಲ್ಲಿ ಅದನ್ನು ಮಂದಗತಿಯ ವೈಷಮ್ಯವೆಂದು ಕರೆಯಲಾಗಿದೆ.

ವಾಹನ ಮತ್ತು ಅದರ ಎಂಜಿನು

ವಿವೇಚನೆಗೆ ಒಂದು ನಿರ್ದಿಷ್ಟ ಎಂಜಿನು ಕಣ್ಣೆದುರಿಗೆ ಇರುವುದು ಒಳ್ಳೆಯದು. ಅಮೆರಿಕದ ವಿಲ್ಲಿಸ್ ಕಂಪನಿಯು 1957ರ ಮಾದರಿಯಾಗಿ 'ಎಫ್.ಸಿ. 150' ಎಂಬ ಜೀಪ್ ಪಿಕಪ್ ವಾಹನವನ್ನು ಹೊರತಂದಿತು. ಮುಂದೆ ಭಾರತದಲ್ಲಿ ಮಹೀಂದ್ರ ಮತ್ತು ಮಹೀಂದ್ರ ಕಂಪನಿಯೂ ಅದನ್ನು ತಯಾರಿಸಿತು. ಚಾಲಕನ ಆಸನ ಮುಂದಕ್ಕೆ ಸರಿದು, ಎಂಜಿನಿನ ಮುಚ್ಚಳ ಕ್ಯಾಬಿನ್ನಿನೊಳಗೇ ಇರುವ ವಿಚಿತ್ರಾಕಾರದ ಗಾಡಿ ಅದು. ಅದರಲ್ಲಿದ್ದದ್ದು 'ಹರಿಕೇನ್' ಎಂಬ ನಾಲ್ಕು ಸಿಲಿಂಡರುಗಳ ಪೆಟ್ರೋಲ್ ಎಂಜಿನು. ಗಾತ್ರ ಸುಮಾರು 2,200 ಘನ ಸೆಂಟಿಮೀಟರ್. ಇದೇ ಎಂಜಿನು 'ಸಿ.ಜೆ. 3 ಬಿ' ಎಂಬ ಜೀಪಿನಲ್ಲಿಯೂ ಇದ್ದುದರಿಂದ ನಮ್ಮ ನಾಡಿನ ಹಳೆಯ ಮೇಸ್ತ್ರಿಗಳಿಗೆ ಅದರ ಪರಿಚಯ ಚೆನ್ನಾಗಿದೆ.

ಈ ಎಂಜಿನಿನ ರಚನೆಯಲ್ಲಿ ಗಮನಾರ್ಹವಾದ ಒಂದು ಸಂಗತಿಯುಂಟು. ಒಳಕ್ಕೆ ಮಿಶ್ರಣವನ್ನು ಬಿಡುವ ಇನ್ಲೆಟ್ ವಾಲ್ವುಗಳು ಮೇಲಿನ ಹೆಡ್ಡಿನಲ್ಲಿವೆ. ಹೊಗೆಯನ್ನು ಹೊರಕ್ಕೆ ಬಿಡುವ ಎಕ್ಸಾಸ್ಟ್ ವಾಲ್ವುಗಳು ಕೆಳಗೆ ಬ್ಲಾಕಿನಲ್ಲಿವೆ. ಆದುದರಿಂದ ಹೆಡ್ಡಿನ ಕವರನ್ನು ತೆಗೆದು ಮೇಲಿನ ವಾಲ್ವುಗಳನ್ನು ಸರಿಮಾಡಿದವನು ಪಕ್ಕದ ಕವರಿನ ಹಿಂದೆ ಅಡಗಿರುವ ಕೆಳಗಿನ ನಾಲ್ಕನ್ನು ಮರೆಯುವುದು ಸುಲಭ. ಈ ಮರೆವಿಗೆ ಲೇಖನದ ಕೊನೆಯಲ್ಲಿ ಮತ್ತೆ ಬರಬೇಕಾಗುತ್ತದೆ.

ಎಂಜಿನಿನ ಮೂರು ಬೇಡಿಕೆಗಳು

ಪೆಟ್ರೋಲ್ ಎಂಜಿನು ನಡೆಯಲು ಮೂರು ವಸ್ತುಗಳು ಸಾಕು. ಆದರೆ ಮೂರೂ ಬೇಕು. ಮೊದಲನೆಯದು ಗಾಳಿ ಮತ್ತು ಪೆಟ್ರೋಲುಗಳ ತಕ್ಕ ಮಿಶ್ರಣ. ತೂಕದ ಲೆಕ್ಕದಲ್ಲಿ ಒಂದು ಭಾಗ ಪೆಟ್ರೋಲಿಗೆ ಸುಮಾರು 15 ಭಾಗ ಗಾಳಿ ಇದ್ದರೆ ದಹನ ಪೂರ್ಣವಾಗುತ್ತದೆ. ತಣ್ಣಗಿನ ಎಂಜಿನಿನಲ್ಲಿ ಪೆಟ್ರೋಲು ಚೆನ್ನಾಗಿ ಆವಿಯಾಗದ ಕಾರಣ ಇದಕ್ಕಿಂತ ಬಹಳ ಹೆಚ್ಚು ಪೆಟ್ರೋಲನ್ನು ಕೊಡಬೇಕಾಗುತ್ತದೆ. ಗಾಳಿಯ ದಾರಿಯನ್ನು ಕಿರಿದುಗೊಳಿಸಿ ಈ ಕೆಲಸ ಮಾಡುವುದೇ ಚೋಕ್. ಎರಡನೆಯದು ಆ ಮಿಶ್ರಣವನ್ನು ಸಿಲಿಂಡರಿನೊಳಗೆ ಸೋರದಂತೆ ಅದುಮುವ ಒತ್ತಡ. ಮೂರನೆಯದು ತಕ್ಕ ಸಮಯಕ್ಕೆ ಹಾರುವ ಬಲವಾದ ಕಿಡಿ. ಈ ಮೂರೂ ಒದಗುವಂತೆ ಎಂಜಿನನ್ನು ಮೊದಲು ಸಾಕಷ್ಟು ವೇಗದಲ್ಲಿ ತಿರುಗಿಸುವ ಭಾರ ಬ್ಯಾಟರಿ ಮತ್ತು ಸೆಲ್ಫ್ ಮೋಟಾರಿನದು.

ದೋಷವು ಯಾವುದೇ ಆಗಿರಲಿ, ಇವುಗಳಲ್ಲೊಂದರ ಕೊರತೆಯಾಗಿಯೇ ಇರಬೇಕು. ಅಂದಮೇಲೆ ಪರೀಕ್ಷಕನ ಕೆಲಸವು ನೂರಾರು ಬಿಡಿಭಾಗಗಳ ನಡುವೆ ಅಲೆಯುವುದಲ್ಲ. ನಾಲ್ಕು ಬಾಗಿಲುಗಳಲ್ಲಿ ಯಾವುದು ಮುಚ್ಚಿದೆಯೆಂದು ಒಂದೊಂದಾಗಿ ತಟ್ಟಿ ನೋಡುವುದು.

ಪ್ರಶ್ನ, ದರ್ಶನ, ಸ್ಪರ್ಶನ

ಕೇಳುವುದು, ನೋಡುವುದು, ಮುಟ್ಟುವುದು ಎಂಬ ತ್ರಿವಿಧ ಪರೀಕ್ಷೆಯನ್ನು ವೈದ್ಯರು ಹೇಳುತ್ತಾರೆ. ಯಂತ್ರದ ವಿಷಯದಲ್ಲಿ ಪ್ರಶ್ನವೇ ಮೊದಲು ಬರಬೇಕು. ಏಕೆಂದರೆ ಯಂತ್ರವು ಮಾತನಾಡದು, ಅದರೊಡನೆ ಪ್ರತಿದಿನ ಬದುಕುವ ಚಾಲಕ ಮಾತನಾಡುತ್ತಾನೆ. ತೊಂದರೆ ಬೆಳಗಿನ ಚಳಿಯಲ್ಲಿಯೋ, ಓಡಿ ಬಿಸಿಯಾಗಿ ನಿಂತ ಹತ್ತು ನಿಮಿಷಗಳ ಮೇಲೆಯೋ? ಒಮ್ಮೆಲೇ ಬಂದಿತೋ, ತಿಂಗಳುಗಳಿಂದ ಬೆಳೆಯಿತೋ? ಮಳೆಯ ದಿನ ಹೆಚ್ಚುವುದೋ? ಅದಕ್ಕೆ ಮುಂಚೆ ಗಾಡಿಗೆ ಯಾವ ಕೆಲಸ ನಡೆದಿತ್ತು? ಈ ಕೊನೆಯ ಪ್ರಶ್ನೆಯನ್ನು ಎಂದಿಗೂ ಬಿಡಬಾರದು. ರಿಪೇರಿಯಾದ ಮಾರನೆಯ ದಿನ ಹುಟ್ಟಿದ ದೋಷದ ಮೂಲವನ್ನು ಆ ರಿಪೇರಿಯಲ್ಲಿಯೇ ಮೊದಲು ಹುಡುಕುವುದು ನ್ಯಾಯ.

ದರ್ಶನದಲ್ಲಿ ಮುಖ್ಯವಾದವು ಎರಡು: ಹೊಗೆ ಮತ್ತು ಪ್ಲಗ್. ಪರ್ವತದ ಮೇಲೆ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವುದು ತರ್ಕಶಾಸ್ತ್ರದ ವಿದ್ಯಾರ್ಥಿಗೆ ಅನುಮಾನಪ್ರಮಾಣದ ಮೊದಲ ಪಾಠ. ಸೈಲೆನ್ಸರಿನ ತುದಿಯಲ್ಲಿ ಈ ಪಾಠವನ್ನು ಇನ್ನಷ್ಟು ಸೂಕ್ಷ್ಮವಾಗಿ ಓದಬಹುದು. ಇಲ್ಲಿ ಹೊಗೆಯಿಂದ ಬೆಂಕಿಯ ಅಸ್ತಿತ್ವವನ್ನಷ್ಟೇ ಅಲ್ಲ, ಅದರ ಗುಣವನ್ನೂ ತಿಳಿಯುತ್ತೇವೆ. ಕಪ್ಪು ಹೊಗೆ ಪೆಟ್ರೋಲಿನ ಆಧಿಕ್ಯವನ್ನೂ, ನೀಲಿ ಹೊಗೆ ಎಣ್ಣೆ ಉರಿಯುತ್ತಿರುವುದನ್ನೂ, ಎಂಜಿನು ಬಿಸಿಯಾದ ಮೇಲೂ ನಿಲ್ಲದ ದಟ್ಟ ಬಿಳಿಯ ಹೊಗೆ ಸಿಲಿಂಡರಿಗೆ ನೀರು ಸೇರುತ್ತಿರುವುದನ್ನೂ ಸೂಚಿಸುತ್ತವೆ.

ವೈದ್ಯನಿಗೆ ನಾಲಗೆ ಹೇಗೋ ಮೇಸ್ತ್ರಿಗೆ ಸ್ಪಾರ್ಕ್ ಪ್ಲಗ್ ಹಾಗೆ. ನಾಲ್ಕು ಪ್ಲಗ್ಗುಗಳನ್ನೂ ಕಳಚಿ, ಯಾವುದು ಯಾವ ಸಿಲಿಂಡರಿನದೆಂದು ಮರೆಯದೆ ಸಾಲಾಗಿ ಇಡಬೇಕು. ತಿಳಿಗಂದು ಅಥವಾ ಬೂದು ಬಣ್ಣ ಆರೋಗ್ಯದ ಗುರುತು. ಒಣಗಿದ ಕಪ್ಪು ಮಸಿ ಪೆಟ್ರೋಲಿನ ಆಧಿಕ್ಯದ್ದು. ಜಿಡ್ಡಾದ ಕಪ್ಪು ಎಣ್ಣೆಯದು. ಸುಣ್ಣದಂತೆ ಬೆಳ್ಳಗಾದದ್ದು ಪೆಟ್ರೋಲಿನ ಕೊರತೆ ಅಥವಾ ಅತಿ ಶಾಖದ್ದು. ನಾಲ್ಕೂ ಒಂದೇ ರೀತಿ ಕೆಟ್ಟಿದ್ದರೆ ಕಾರಣ ಎಲ್ಲಕ್ಕೂ ಸಮಾನವಾದ ಸ್ಥಾನದಲ್ಲಿದೆ: ಕಾರ್ಬುರೇಟರು, ಕಾಯಿಲ್, ಟೈಮಿಂಗ್ ಇತ್ಯಾದಿ. ಒಂದೇ ಕೆಟ್ಟಿದ್ದರೆ ಕಾರಣ ಆ ಸಿಲಿಂಡರಿಗೇ ಸೇರಿದ್ದು. ಕಾಸಿನ ಖರ್ಚಿಲ್ಲದ ಈ ಒಂದು ನೋಟದಿಂದ ಅರ್ಧ ದಾರಿ ಸವೆಯುತ್ತದೆ.

ಸ್ಟಾರ್ಟಾಗದ ವ್ಯಾಧಿ

ಮೊದಲು ಎಂಜಿನು ತಿರುಗುವ ವೇಗವನ್ನು ಪರೀಕ್ಷಿಸಬೇಕು. 12 ವೋಲ್ಟಿನ ಒಳ್ಳೆಯ ಬ್ಯಾಟರಿ ವಿಶ್ರಾಂತಿಯಲ್ಲಿದ್ದಾಗ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಸೆಲ್ಫ್ ತಿರುಗುವಾಗ ಅದು ಸುಮಾರು 9.6ಕ್ಕಿಂತ ಕೆಳಗೆ ಇಳಿದರೆ ಬ್ಯಾಟರಿಯನ್ನು ಸಂಶಯಿಸಬೇಕು. ಬ್ಯಾಟರಿ ಚೆನ್ನಾಗಿದ್ದೂ ಸೆಲ್ಫ್ ಬಳಲಿದರೆ ಟರ್ಮಿನಲ್ಲುಗಳ ಮೇಲಿನ ಕ್ಲಾವು, ಸಡಿಲವಾದ ಬೋಲ್ಟು, ಎಂಜಿನಿಗೂ ಚಾಸಿಗೂ ನಡುವಿನ ಅರ್ಥ್ ಪಟ್ಟಿ ಇವುಗಳನ್ನು ನೋಡಬೇಕು. ಹೊಸ ಬ್ಯಾಟರಿಗೆ ಹಣ ತೆತ್ತ ಮೇಲೆ ದೋಷ ಅರ್ಥ್ ಪಟ್ಟಿಯಲ್ಲಿತ್ತೆಂದು ತಿಳಿಯುವುದು ನಗೆಗೇಡಿನ ಸಂಗತಿ.

ಎರಡನೆಯದಾಗಿ ಕಿಡಿ. ಕಾಯಿಲಿನಿಂದ ಬರುವ ತಂತಿಯ ತುದಿಯನ್ನು ನಿರೋಧಕ ಹಿಡಿಯುಳ್ಳ ಇಕ್ಕಳದಿಂದ ಲೋಹಕ್ಕೆ ಸ್ವಲ್ಪ ದೂರದಲ್ಲಿ ಹಿಡಿದು ಎಂಜಿನನ್ನು ತಿರುಗಿಸಿದರೆ ನೀಲಿಬಿಳುಪಿನ, ಚಟಚಟ ಸದ್ದಿನ ಕಿಡಿ ಹಾರಬೇಕು. ಹತ್ತಿರದಲ್ಲಿ ಪೆಟ್ರೋಲಿನ ಆವಿಯಿರಕೂಡದು. ಹಳದಿಯ ಬಡಕಲು ಕಿಡಿಯು ಕಾಯಿಲ್, ಕಂಡೆನ್ಸರ್, ಪಾಯಿಂಟುಗಳ ಕಡೆಗೆ ಬೊಟ್ಟು ಮಾಡುತ್ತದೆ. ಪಾಯಿಂಟುಗಳು ಬಹುಬೇಗ ಸುಟ್ಟು ಗುಳಿಬೀಳುತ್ತಿದ್ದರೆ ಕಂಡೆನ್ಸರನ್ನು ಮೊದಲು ಶಂಕಿಸಬೇಕು. ಹರಿಕೇನ್ ಎಂಜಿನಿಗೆ ಪಾಯಿಂಟಿನ ಅಂತರ 0.020 ಇಂಚು, ಪ್ಲಗ್ಗಿನ ಅಂತರ 0.030 ಇಂಚು. ಕಾಯಿಲಿನ ತಂತಿಯಲ್ಲಿ ಕಿಡಿ ಬಲವಾಗಿದ್ದು ಪ್ಲಗ್ಗಿನ ತಂತಿಗಳಲ್ಲಿ ಇಲ್ಲವಾದರೆ ಡಿಸ್ಟ್ರಿಬ್ಯೂಟರಿನ ಕ್ಯಾಪಿನ ಬಿರುಕು ಅಥವಾ ರೋಟರಿನ ದೋಷವಿದೆ. ಮಳೆಗಾಲದಲ್ಲಿ ಮಾತ್ರ ಕಾಣುವ ತೊಂದರೆಗೆ ಬಹುತೇಕ ಇದೇ ಕಾರಣ.

ಮೂರನೆಯದು ಪೆಟ್ರೋಲು. ಏರ್ ಕ್ಲೀನರನ್ನು ತೆಗೆದು, ಎಂಜಿನನ್ನು ಆರಿಸಿಟ್ಟು, ಆಕ್ಸಿಲರೇಟರನ್ನು ಒಮ್ಮೆಲೇ ಒತ್ತಿಸಿ ಕಾರ್ಬುರೇಟರಿನ ಬಾಯೊಳಗೆ ನೋಡಿದರೆ ಪೆಟ್ರೋಲಿನ ಸಣ್ಣ ಧಾರೆ ಚಿಮ್ಮುವುದು ಕಾಣಬೇಕು. ಕಾಣದಿದ್ದರೆ ಟ್ಯಾಂಕು, ಫಿಲ್ಟರು, ಪಂಪು, ಹೋಸ್ ಪೈಪುಗಳನ್ನು ಕ್ರಮವಾಗಿ ನೋಡಬೇಕು. ರಾತ್ರಿಯಿಡೀ ನಿಂತ ಗಾಡಿಯು ಬೆಳಗ್ಗೆ ಬಹಳ ಹೊತ್ತು ಸೆಲ್ಫ್ ಹೊಡೆದ ಮೇಲೆ ಸ್ಟಾರ್ಟಾಗಿ ದಿನವಿಡೀ ಸರಿಯಾಗಿ ನಡೆದರೆ, ಪೆಟ್ರೋಲು ಪೈಪಿನಿಂದ ಹಿಂದಕ್ಕೆ ಇಳಿದಿದೆ ಅಥವಾ ಕಾರ್ಬುರೇಟರಿನ ಬಟ್ಟಲು ಖಾಲಿಯಾಗಿದೆ ಎಂದು ಊಹಿಸಬಹುದು. ಬಿಸಿಯಾದಾಗ ಮಾತ್ರ ತೊಂದರೆಯಾದರೆ ಪೈಪಿನಲ್ಲಿ ಪೆಟ್ರೋಲು ಆವಿಯಾಗಿ ಪಂಪಿನ ದಾರಿಯನ್ನು ಕಟ್ಟಿರಬಹುದು, ಅಥವಾ ಕಾರ್ಬುರೇಟರಿನಿಂದ ತೊಟ್ಟಿಕ್ಕಿ ಸಿಲಿಂಡರುಗಳು ತೊಯ್ದಿರಬಹುದು. ತೊಯ್ದಿದ್ದರೆ ಚೋಕನ್ನು ಮುಟ್ಟದೆ ಆಕ್ಸಿಲರೇಟರನ್ನು ಪೂರ್ತಿಯಾಗಿ ಒತ್ತಿ ಹಿಡಿದು ಸೆಲ್ಫ್ ಹೊಡೆಯುವುದು ಪರಿಹಾರ. ಬಾಟಲಿಯಿಂದ ಕಾರ್ಬುರೇಟರಿನ ಬಾಯಿಗೆ ಪೆಟ್ರೋಲು ಸುರಿದು ಸ್ಟಾರ್ಟ್ ಮಾಡುವ ರೂಢಿಯನ್ನು ಮಾತ್ರ ಸರ್ವಥಾ ಬಿಡಬೇಕು. ಎಂಜಿನು ಒಮ್ಮೆ ಹಿಂದಕ್ಕೆ ಸಿಡಿದರೆ ಕೈಯೂ ಮುಖವೂ ಸುಡುತ್ತವೆ.

ಇಲ್ಲಿ ಈ ಕಾಲದ ಒಂದು ವಿಶೇಷ ಕಾರಣವನ್ನೂ ಹೇಳಬೇಕು. ಇಂದು ನಮ್ಮ ದೇಶದಲ್ಲಿ ಮಾರಾಟವಾಗುವ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥೆನಾಲ್ ಬೆರೆತಿರುತ್ತದೆ. ಎಥೆನಾಲ್ ತನ್ನೊಳಗೆ ಆಮ್ಲಜನಕವನ್ನು ಹೊಂದಿರುವುದರಿಂದ ಹಳೆಯ ಕಾರ್ಬುರೇಟರಿನ ಜೆಟ್ಟುಗಳು ಕೊಡುವ ಮಿಶ್ರಣ ಸ್ವಲ್ಪ ತೆಳುವಾಗುತ್ತದೆ. ಅದು ನೀರನ್ನು ಹೀರುತ್ತದೆ. ಹಳೆಯ ಬಗೆಯ ರಬ್ಬರನ್ನು ಕೆಡಿಸುತ್ತದೆ. ಟ್ಯಾಂಕಿನಲ್ಲಿ ವರ್ಷಗಳಿಂದ ಅಂಟಿದ್ದ ಕೊಳೆಯನ್ನು ಕರಗಿಸಿ ಜೆಟ್ಟಿಗೆ ತಂದು ಮುಟ್ಟಿಸುತ್ತದೆ. ಆದುದರಿಂದ ತಿಂಗಳುಗಟ್ಟಲೆ ನಿಂತ ಹಳೆಯ ಗಾಡಿಯಲ್ಲಿ ಮೊದಲು ಹಳಸಿದ ಪೆಟ್ರೋಲನ್ನು ಹೊರತೆಗೆದು, ಮೆತ್ತಗಾದ ಅಥವಾ ಸೀಳಿದ ಹೋಸ್ ಪೈಪುಗಳನ್ನು ಬದಲಿಸುವುದು ಅವಶ್ಯ.

ಮಂದಗತಿಯ ವೈಷಮ್ಯ

ಹರಿಕೇನ್ ಎಂಜಿನಿನ ಮಂದಗತಿ ನಿಮಿಷಕ್ಕೆ ಸುಮಾರು 600 ಸುತ್ತು. ನಾಲ್ಕು ಸಿಲಿಂಡರುಗಳ ಎಂಜಿನಿನಲ್ಲಿ ಪ್ರತಿ ಸುತ್ತಿಗೆ ಎರಡು ಸ್ಫೋಟಗಳಾಗುವುದರಿಂದ ಒಂದು ಸೆಕೆಂಡಿಗೆ 20 ಸ್ಫೋಟಗಳು, ಪ್ರತಿಯೊಂದು ಸಿಲಿಂಡರಿಗೆ ಸೆಕೆಂಡಿಗೆ 5. ಒಂದು ಸಿಲಿಂಡರು ಕೆಲಸ ಬಿಟ್ಟರೆ ಸೆಕೆಂಡಿಗೆ ಐದು ಬಾರಿ ತಾಳ ತಪ್ಪುತ್ತದೆ. ಸೈಲೆನ್ಸರಿನ ತುದಿಗೆ ಸ್ವಲ್ಪ ದೂರದಲ್ಲಿ ಅಂಗೈಯನ್ನು ಹಿಡಿದರೆ ಈ ತಾಳಭಂಗ ತಿಳಿಯುತ್ತದೆ. ಭಂಗವು ನಿಯತವಾಗಿದ್ದರೆ ಯಾವುದೋ ಒಂದು ಸಿಲಿಂಡರಿನ ದೋಷ; ಅನಿಯತವಾಗಿದ್ದರೆ ಎಲ್ಲಕ್ಕೂ ಸಮಾನವಾದ ದೋಷ. ಲಯಜ್ಞಾನವಿರುವ ಕಿವಿಗೆ ಇದು ಬಹಳ ಬೇಗ ಹೊಳೆಯುತ್ತದೆ.

ವೇಗದಲ್ಲಿ ಕಾಣದ ದೋಷ ಮಂದಗತಿಯಲ್ಲಿ ಮಾತ್ರ ಏಕೆ ಕಾಣುತ್ತದೆ? ಒಂದು ಹಿಡಿ ಉಪ್ಪು ದಾಸೋಹದ ಕೊಪ್ಪರಿಗೆಯ ಸಾರಿಗೆ ಬಿದ್ದರೆ ತಿಳಿಯುವುದಿಲ್ಲ. ಮನೆಯ ಗಡಿಗೆಗೆ ಬಿದ್ದರೆ ಸಾರು ಕೆಡುತ್ತದೆ. ಮಂದಗತಿಯಲ್ಲಿ ಥ್ರಾಟಲ್ ಹೆಚ್ಚುಕಡಿಮೆ ಮುಚ್ಚಿರುವುದರಿಂದ ಎಂಜಿನು ಸೆಳೆಯುವ ಗಾಳಿ ಬಹು ಸ್ವಲ್ಪ. ಎಲ್ಲಿಯಾದರೂ ಸಂದಿಯಿಂದ ಕಳ್ಳಗಾಳಿ ನುಗ್ಗಿದರೆ ಆ ಸ್ವಲ್ಪದಲ್ಲಿ ಅದರ ಪಾಲು ದೊಡ್ಡದಾಗಿ ಮಿಶ್ರಣ ತೆಳುವಾಗುತ್ತದೆ. ವೇಗದಲ್ಲಿ ಅದೇ ಕಳ್ಳಗಾಳಿ ಗಣನೆಗೆ ಬಾರದು. ವಾಲ್ವಿನ ಸೋರಿಕೆಯೂ ಹಾಗೆಯೇ. ಎಂಜಿನು ಮೆಲ್ಲಗೆ ತಿರುಗುವಾಗ ಒತ್ತಡವು ಸೋರಿಹೋಗಲು ಹೆಚ್ಚು ಕಾಲಾವಕಾಶವಿರುತ್ತದೆ.

ಉಪಶಯ: ಚೋಕಿನ ಸಾಕ್ಷ್ಯ

ವ್ಯಾಧಿ ಸ್ಪಷ್ಟವಾಗದಾಗ ಒಂದು ಔಷಧವನ್ನೋ ಪಥ್ಯವನ್ನೋ ಕೊಟ್ಟು, ಅದರಿಂದಾಗುವ ಶಮನವನ್ನು ನೋಡಿ ರೋಗವನ್ನು ನಿಶ್ಚಯಿಸುವುದಕ್ಕೆ ಉಪಶಯವೆಂದು ಹೆಸರು. ಬಿಸಿಯಾದ ಎಂಜಿನು ನಡುಗುತ್ತಿರುವಾಗ ಚೋಕನ್ನು ಸ್ವಲ್ಪವೇ ಎಳೆಯುವುದು ಇದಕ್ಕೆ ಒಳ್ಳೆಯ ಉದಾಹರಣೆ. ನಡುಕ ಶಮನವಾದರೆ ಮಿಶ್ರಣ ತೆಳುವಾಗಿತ್ತೆಂದು ಸಿದ್ಧವಾಯಿತು. ಕಳ್ಳಗಾಳಿಯನ್ನೋ ಕಟ್ಟಿಕೊಂಡ ಐಡ್ಲ್ ಜೆಟ್ಟನ್ನೋ ಹುಡುಕಬೇಕು. ನಡುಕ ಹೆಚ್ಚಿ ಕಪ್ಪು ಹೊಗೆ ಬಂದರೆ ಪೆಟ್ರೋಲು ಮೊದಲೇ ಹೆಚ್ಚಾಗಿತ್ತು. ಫ್ಲೋಟ್ ಮತ್ತು ಅದರ ಸೂಜಿಯನ್ನು ನೋಡಬೇಕು. ಸ್ವಲ್ಪ ಎಳೆದಾಗ ಯಾವ ಬದಲಾವಣೆಯೂ ಇಲ್ಲದಿದ್ದರೆ ದೋಷ ಬಹುಶಃ ಮಿಶ್ರಣದಲ್ಲಿಲ್ಲ. ಕಿಡಿ ಅಥವಾ ಒತ್ತಡದ ಕಡೆಗೆ ತಿರುಗಬೇಕು.

ಕಳ್ಳಗಾಳಿಯ ದಾರಿಯನ್ನು ಪತ್ತೆಹಚ್ಚಲು ಕಾರ್ಬುರೇಟರಿನ ಬುಡದ ಪ್ಯಾಕಿಂಗಿನ ಸುತ್ತ ಸ್ವಲ್ಪ ನೀರನ್ನು ಚಿಮುಕಿಸಿ ಕಿವಿಗೊಡಬೇಕು. ಸದ್ದು ಬದಲಾದ ಸ್ಥಳವೇ ಸೋರುವ ಸ್ಥಳ. ಈ ಕೆಲಸಕ್ಕೆ ಪೆಟ್ರೋಲನ್ನು ಬಳಸುವುದು ಅಪಾಯಕರ. ಹರಿಕೇನ್ ಎಂಜಿನಿನಲ್ಲಿ ಮಿಶ್ರಣದ ದಾರಿಯು ಹೆಡ್ಡಿನೊಳಗೇ ಎರಕವಾಗಿರುವುದರಿಂದ ಸಂದಿಗಳು ಕಡಿಮೆ. ಕಾರ್ಬುರೇಟರಿನ ಬುಡ, ಸವೆದ ಥ್ರಾಟಲ್ ಕಡ್ಡಿ, ನಿರ್ವಾತದ ಸಣ್ಣ ಪೈಪುಗಳು ಇಷ್ಟನ್ನು ನೋಡಿದರೆ ಸಾಕು.

ಅನ್ವಯ ಮತ್ತು ವ್ಯತಿರೇಕ

ಇದ್ದಾಗ ಇರುವುದು ಅನ್ವಯ, ಇಲ್ಲದಾಗ ಇಲ್ಲದಿರುವುದು ವ್ಯತಿರೇಕ. ಕಾರ್ಯಕಾರಣಸಂಬಂಧವನ್ನು ಸ್ಥಿರಪಡಿಸಲು ತಾರ್ಕಿಕರು ಈ ಎರಡನ್ನೂ ಬಯಸುತ್ತಾರೆ. ತಪ್ಪಿತಸ್ಥ ಸಿಲಿಂಡರನ್ನು ಹಿಡಿಯುವ ಪರೀಕ್ಷೆ ಇದರ ಪ್ರತ್ಯಕ್ಷ ಪ್ರಯೋಗ. ಎಂಜಿನನ್ನು ಆರಿಸಿ, ಒಂದನೆಯ ಪ್ಲಗ್ಗಿನ ತಂತಿಯನ್ನು ತೆಗೆದು ಅದರ ತುದಿಯನ್ನು ಲೋಹಕ್ಕೆ ತಾಗಿಸಿಟ್ಟು, ಮತ್ತೆ ಸ್ಟಾರ್ಟ್ ಮಾಡಬೇಕು. ಎಂಜಿನು ಇನ್ನಷ್ಟು ಕುಗ್ಗಿದರೆ ಆ ಸಿಲಿಂಡರು ದುಡಿಯುತ್ತಿತ್ತೆಂದು ಅರ್ಥ. ಕುಗ್ಗದಿದ್ದರೆ ಅದು ಮೊದಲೇ ನಿಷ್ಕ್ರಿಯ. ಹೀಗೆ ನಾಲ್ಕನ್ನೂ ನೋಡಬೇಕು.

ನಿಷ್ಕ್ರಿಯವಾದದ್ದು ಮೂರನೆಯದೆಂದು ಇಟ್ಟುಕೊಂಡರೆ, ಕೂಡಲೇ ಹೊಸ ಪ್ಲಗ್ಗನ್ನು ಕೊಳ್ಳಬೇಕಾಗಿಲ್ಲ. ಮೂರನೆಯ ಪ್ಲಗ್ಗನ್ನು ಎರಡನೆಯದಕ್ಕೂ ಎರಡನೆಯದನ್ನು ಮೂರಕ್ಕೂ ಹಾಕಿ ನೋಡಬೇಕು. ದೋಷವು ಪ್ಲಗ್ಗಿನೊಡನೆ ಎರಡನೆಯ ಸಿಲಿಂಡರಿಗೆ ಹೋದರೆ ಪ್ಲಗ್ಗೇ ಅಪರಾಧಿ. ಮೂರರಲ್ಲಿಯೇ ಉಳಿದರೆ ಪ್ಲಗ್ ನಿರಪರಾಧಿ. ತಂತಿಯನ್ನೂ ಇದೇ ರೀತಿ ವಿಚಾರಿಸಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕೆಂಬುದು ಇಲ್ಲಿಯ ಕಟ್ಟುನಿಟ್ಟಿನ ನಿಯಮ. ಎರಡನ್ನು ಒಟ್ಟಿಗೆ ಬದಲಿಸಿ ಗುಣ ಕಂಡರೂ ಯಾವುದರಿಂದ ಗುಣವಾಯಿತೆಂದು ಹೇಳುವಂತಿಲ್ಲ. ವ್ಯಾಧಿ ಮರಳಿದಾಗ ಪರೀಕ್ಷಕನು ಮೊದಲಿನಷ್ಟೇ ಅಜ್ಞನಾಗಿರುತ್ತಾನೆ. ತಂತಿಗಳನ್ನು ಮತ್ತೆ ಹಾಕುವಾಗ 1, 3, 4, 2 ಎಂಬ ಕಿಡಿಯ ಕ್ರಮ ತಪ್ಪಬಾರದು.

ನಾಡಿ ಮತ್ತು ಒತ್ತಡ

ನಿರ್ವಾತವನ್ನು ಅಳೆಯುವ ವ್ಯಾಕ್ಯೂಮ್ ಗೇಜನ್ನು ಎಂಜಿನಿನ ನಾಡಿಪರೀಕ್ಷೆ ಎನ್ನಬಹುದು. ಸಮುದ್ರಮಟ್ಟದಲ್ಲಿ ಆರೋಗ್ಯವಂತ ಎಂಜಿನು ಮಂದಗತಿಯಲ್ಲಿ ಸುಮಾರು 17ರಿಂದ 21 ಇಂಚು ಪಾದರಸದಷ್ಟು ಸ್ಥಿರವಾಗಿ ತೋರಿಸುತ್ತದೆ. ಪ್ರತಿ 1,000 ಅಡಿ ಎತ್ತರಕ್ಕೆ ಸುಮಾರು ಒಂದು ಇಂಚನ್ನು ಕಳೆಯಬೇಕು. ಬೆಂಗಳೂರು ಸುಮಾರು 3,000 ಅಡಿ ಎತ್ತರದಲ್ಲಿದೆ. ಮಂಗಳೂರಿನಲ್ಲಿ 18 ತೋರಿಸುವ ಗಾಡಿ ಬೆಂಗಳೂರಿನಲ್ಲಿ 15 ತೋರಿಸಿದರೆ ಅದು ರೋಗವಲ್ಲ, ದೇಶಗುಣ. ಪುಸ್ತಕದ ಅಂಕಿಯನ್ನು ಸ್ಥಳವನ್ನರಿಯದೆ ಅನ್ವಯಿಸಿದವನು ಆರೋಗ್ಯವಂತನಿಗೆ ಔಷಧ ಕೊಡುತ್ತಾನೆ. ಮುಳ್ಳು ಸ್ಥಿರವಾಗಿ ಕೆಳಗೆ ನಿಂತರೆ ಕಳ್ಳಗಾಳಿ ಅಥವಾ ತಡವಾದ ಕಿಡಿ. ನಿಯತವಾಗಿ ಕುಸಿದು ಏಳುತ್ತಿದ್ದರೆ ಸೋರುವ ವಾಲ್ವು. ಮೆಲ್ಲಗೆ ಅತ್ತಿತ್ತ ಅಲೆಯುತ್ತಿದ್ದರೆ ಮಿಶ್ರಣದ ದೋಷ ಎಂದು ಸಾಮಾನ್ಯವಾಗಿ ಹೇಳಬಹುದು.

ಕೊನೆಯ ತೀರ್ಪು ಕಂಪ್ರೆಶನ್ ಗೇಜಿನದು. ಎಂಜಿನು ಬಿಸಿಯಿರುವಾಗ ನಾಲ್ಕು ಪ್ಲಗ್ಗುಗಳನ್ನೂ ತೆಗೆದು, ಕಿಡಿಯ ಸಂಪರ್ಕವನ್ನು ಬಿಡಿಸಿ, ಥ್ರಾಟಲನ್ನು ಪೂರ್ತಿ ತೆರೆದಿಟ್ಟು ಅಳೆಯಬೇಕು. ನಾಲ್ಕು ಅಂಕಿಗಳೂ ಒಂದಕ್ಕೊಂದು ಸಮೀಪವಿರಬೇಕು. ಅತಿ ಕಡಿಮೆಯದು ಅತಿ ಹೆಚ್ಚಿನದರ ಮುಕ್ಕಾಲು ಭಾಗಕ್ಕಿಂತ ಕೆಳಗಿದ್ದರೆ ಆ ಸಿಲಿಂಡರು ರೋಗಗ್ರಸ್ತ. ಅದರೊಳಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆದಾಗ ಅಂಕಿ ಏರಿದರೆ ಪಿಸ್ಟನ್ ರಿಂಗು ಸವೆದಿದೆ. ಏರದಿದ್ದರೆ ವಾಲ್ವು ಸೋರುತ್ತಿದೆ. ಅಕ್ಕಪಕ್ಕದ ಎರಡು ಸಿಲಿಂಡರುಗಳಲ್ಲಿ ಒಟ್ಟಿಗೆ ಕುಸಿತ ಕಂಡರೆ ನಡುವಿನ ಹೆಡ್ ಗ್ಯಾಸ್ಕೆಟ್ ಒಡೆದಿರಬಹುದು.

ಚಿಕಿತ್ಸೆಯ ಕ್ರಮ

ಗ್ಯಾರೇಜುಗಳಲ್ಲಿ ಸಾಮಾನ್ಯವಾಗಿ ಕಾಣುವ ಪ್ರಮಾದವೆಂದರೆ ಕಾರ್ಬುರೇಟರಿನ ಸ್ಕ್ರೂವಿನಿಂದ ಪ್ರಾರಂಭಿಸುವುದು. ಆ ಸ್ಕ್ರೂ ಕೈಗೆ ಸುಲಭವಾಗಿ ಸಿಗುತ್ತದೆ, ತಿರುಗಿಸಿದೊಡನೆ ಸದ್ದು ಬದಲಾಗುತ್ತದೆ. ಆದುದರಿಂದ ಅದು ಮೋಹಕ. ಆದರೆ ಅದು ಕೊನೆಯಲ್ಲಿ ಮುಟ್ಟಬೇಕಾದದ್ದು. ಮೊದಲು ವಾಲ್ವಿನ ಅಂತರ: ಎಂಜಿನು ತಣ್ಣಗಿರುವಾಗ ಇನ್ಲೆಟ್ಟಿಗೆ 0.018 ಇಂಚು, ಎಕ್ಸಾಸ್ಟಿಗೆ 0.016 ಇಂಚು. ಆಮೇಲೆ ಪಾಯಿಂಟಿನ ಅಂತರ. ಅದು ಬದಲಾದರೆ ಕಿಡಿಯ ಸಮಯವೂ ಬದಲಾಗುವುದರಿಂದ ಟೈಮಿಂಗ್ ಅದರ ಅನಂತರ: ಪಿಸ್ಟನ್ ತುದಿ ಮುಟ್ಟುವುದಕ್ಕೆ 5 ಡಿಗ್ರಿ ಮುಂಚೆ. ಇವೆಲ್ಲ ಸರಿಯಾದ ಬಳಿಕ, ಎಂಜಿನು ಬಿಸಿಯಾದಾಗ, ಮಿಶ್ರಣದ ಸ್ಕ್ರೂವನ್ನು ಮೆಲ್ಲಗೆ ತಿರುಗಿಸಿ ಅತ್ಯಂತ ಸಮವಾದ ನಡೆಯನ್ನು ಹುಡುಕಿ, ವೇಗದ ಸ್ಕ್ರೂವಿನಿಂದ 600 ಸುತ್ತಿಗೆ ತರಬೇಕು. ಕ್ರಮವನ್ನು ಹಿಂದುಮುಂದು ಮಾಡಿದರೆ ಒಂದು ದೋಷವನ್ನು ಇನ್ನೊಂದು ದೋಷದಿಂದ ಮುಚ್ಚಿದಂತಾಗುತ್ತದೆ.

ಈ ಎಲ್ಲ ಪರೀಕ್ಷೆಗಳನ್ನೂ ಬಯಲಿನಲ್ಲಿ ಮಾಡಬೇಕು. ಮುಚ್ಚಿದ ಶೆಡ್ಡಿನಲ್ಲಿ ಎಂಜಿನನ್ನು ನಡೆಸಿದರೆ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಪ್ರಾಣವನ್ನೇ ಕೊಂಡೊಯ್ಯಬಲ್ಲದು. ಗೇರು ನ್ಯೂಟ್ರಲ್ಲಿನಲ್ಲಿರಬೇಕು, ಹ್ಯಾಂಡ್ ಬ್ರೇಕ್ ಎಳೆದಿರಬೇಕು, ಗಾಲಿಗಳಿಗೆ ಕಲ್ಲು ಕೊಟ್ಟಿರಬೇಕು.

ಒಂದು ನಿದರ್ಶನ

ಹೇಳಿದುದು ಮನಸ್ಸಿನಲ್ಲಿ ನಿಲ್ಲಲು ಒಂದು ಪ್ರಸಂಗವನ್ನು ಕಲ್ಪಿಸಿಕೊಳ್ಳಬಹುದು. ಮಲೆನಾಡಿನ ಅಂಚಿನ ಹಳ್ಳಿಯೊಂದರ ರೈತ. ನಸುಕಿನ ನಾಲ್ಕು ಗಂಟೆಗೆ ತರಕಾರಿ ತುಂಬಿಕೊಂಡು ಪೇಟೆಗೆ ಹೊರಡುವುದು ಅವನ ಹಳೆಯ ಪಿಕಪ್. ಆರು ಗಂಟೆಯೊಳಗೆ ಮುಟ್ಟಿದರೆ ಒಂದು ಬೆಲೆ. ಎಂಟಕ್ಕೆ ಮುಟ್ಟಿದರೆ ಉಳಿದವರು ಬಿಟ್ಟ ಬೆಲೆ. ಗಾಡಿ ಬೆಳಗ್ಗೆ ಬೇಗ ಸ್ಟಾರ್ಟಾಗದು. ಸ್ಟಾರ್ಟಾದರೂ ನಿಂತಲ್ಲಿ ನಡುಗುತ್ತದೆ. ರಸ್ತೆಯ ಮೇಲೆ ವೇಗ ಹಿಡಿದರೆ ಪರವಾಗಿಲ್ಲ. ಒಬ್ಬ ಮೇಸ್ತ್ರಿ ನಾಲ್ಕು ಪ್ಲಗ್ಗುಗಳನ್ನು ಬದಲಿಸಿದ. ಇನ್ನೊಬ್ಬ ಕಾಯಿಲನ್ನು ಬದಲಿಸಿದ. ಮೂರನೆಯವನು ಕಾರ್ಬುರೇಟರನ್ನೇ ಬದಲಿಸಿದ. ಮೂರು ಸಲ ಹಣ ಹೋಯಿತು, ವ್ಯಾಧಿ ಹೋಗಲಿಲ್ಲ. ಗಾಡಿಯನ್ನು ಗುಜರಿಗೆ ಹಾಕುವ ಯೋಚನೆ ಹುಟ್ಟಿತು.

ನಾಲ್ಕನೆಯವನು ಸ್ಪಾನರ್ ಹಿಡಿಯುವ ಮುನ್ನ ಪ್ರಶ್ನೆ ಕೇಳಿದ. ದೋಷ ತಿಂಗಳುಗಳಿಂದ ಮೆಲ್ಲಗೆ ಬೆಳೆಯಿತೆಂದು ತಿಳಿಯಿತು. ಅಂದರೆ ಇದು ಮುರಿತವಲ್ಲ, ಸವೆತ. ಚೋಕನ್ನು ಸ್ವಲ್ಪ ಎಳೆದ, ನಡುಕದಲ್ಲಿ ವ್ಯತ್ಯಾಸವಿಲ್ಲ. ತಂತಿಗಳನ್ನು ಒಂದೊಂದಾಗಿ ಬಿಡಿಸಿದ. ಮೂರನೆಯದನ್ನು ಬಿಡಿಸಿದಾಗ ಎಂಜಿನು ಕುಗ್ಗಲಿಲ್ಲ. ಪ್ಲಗ್ಗುಗಳನ್ನು ಅದಲುಬದಲು ಮಾಡಿದ. ದೋಷ ಮೂರರಲ್ಲಿಯೇ ನಿಂತಿತು. ಕಂಪ್ರೆಶನ್ ಅಳೆದ, ಉಳಿದ ಮೂರರಲ್ಲಿ ಚದರ ಇಂಚಿಗೆ 110 ಪೌಂಡಿನ ಆಸುಪಾಸು, ಮೂರನೆಯದರಲ್ಲಿ 60. ಎಣ್ಣೆ ಬಿಟ್ಟರೂ ಏರಲಿಲ್ಲ. ಆಗ ಪಕ್ಕದ ಕವರನ್ನು ತೆಗೆದ. ಮೂರನೆಯ ಎಕ್ಸಾಸ್ಟ್ ವಾಲ್ವಿನ ಸಂದಿಯಲ್ಲಿ ಅತಿ ತೆಳುವಾದ ಫೀಲರ್ ಪಟ್ಟಿಯೂ ನುಸುಳಲಿಲ್ಲ.

ಸಂಪ್ರಾಪ್ತಿ ಈಗ ಸ್ಪಷ್ಟವಾಯಿತು. ವಾಲ್ವು ತನ್ನ ಪೀಠದಲ್ಲಿ ವರ್ಷಗಳಿಂದ ಇಷ್ಟಿಷ್ಟೇ ಕುಳಿತುಕೊಳ್ಳುತ್ತ ಬಂದು ಅಂತರವನ್ನು ತಿಂದುಹಾಕಿತು. ಅಂತರವಿಲ್ಲದ ವಾಲ್ವು ಪೂರ್ತಿ ಮುಚ್ಚಲಿಲ್ಲ. ಮುಚ್ಚದ ವಾಲ್ವು ತನ್ನ ಶಾಖವನ್ನು ಪೀಠಕ್ಕೆ ಬಿಟ್ಟುಕೊಡಲಾರದೆ ಅಂಚಿನಲ್ಲಿ ಸುಟ್ಟಿತು. ಸುಟ್ಟ ಅಂಚಿನಿಂದ ಒತ್ತಡ ಸೋರಿತು. ಚಳಿಯಲ್ಲಿ ಗಟ್ಟಿಯಾದ ಎಣ್ಣೆಯ ನಡುವೆ ಸೆಲ್ಫ್ ಮೆಲ್ಲಗೆ ತಿರುಗಿಸುವಾಗಲೂ, ನಿಂತಲ್ಲಿ ಮೆಲ್ಲಗೆ ನಡೆಯುವಾಗಲೂ ಸೋರಿಕೆಗೆ ಸಮಯ ದೊರೆಯಿತು, ವೇಗದಲ್ಲಿ ದೊರೆಯಲಿಲ್ಲ. ಎರಡು ವ್ಯಾಧಿಗಳೆಂದು ತೋರಿದ್ದು ಒಂದೇ ವ್ಯಾಧಿಯ ಎರಡು ರೂಪ. ಭಾರತದಲ್ಲಿ 2000ನೇ ಇಸವಿಯಲ್ಲಿ ಸೀಸ ಬೆರೆತ ಪೆಟ್ರೋಲಿನ ಮಾರಾಟ ನಿಂತಿತು. ಜನರ ಆರೋಗ್ಯಕ್ಕೆ ಅದು ಬಹಳ ದೊಡ್ಡ ಉಪಕಾರ. ಆದರೆ ವಾಲ್ವಿನ ಪೀಠವನ್ನು ಗಟ್ಟಿಗೊಳಿಸಿರದ ಹಳೆಯ ಎಂಜಿನುಗಳಲ್ಲಿ ಆ ಸೀಸವು ಪೀಠಕ್ಕೆ ಒಂದು ರಕ್ಷೆಯಾಗಿತ್ತು. ಆದುದರಿಂದ ಅಂಥ ಎಂಜಿನುಗಳಲ್ಲಿ ವಾಲ್ವಿನ ಅಂತರವನ್ನು ಆಗಾಗ ನೋಡುವುದು ಈಗ ಮೊದಲಿಗಿಂತ ಅಗತ್ಯ.

ಹೆಡ್ ಬಿಚ್ಚಿ ಒಂದು ವಾಲ್ವನ್ನು ಬದಲಿಸಿ, ಉಳಿದವನ್ನು ಉಜ್ಜಿ ಕೂರಿಸಿ, ಅಂತರಗಳನ್ನು ಸರಿಪಡಿಸಿದರೆ ಗಾಡಿ ಮತ್ತೆ ನಾಲ್ಕು ಗಂಟೆಗೆ ಹೊರಡುತ್ತದೆ. ಮೊದಲಿನ ಮೂವರೂ ವಂಚಕರೆಂದು ಹೇಳಬೇಕಾಗಿಲ್ಲ. ಅವರವರ ಅನುಭವದಲ್ಲಿ ಪ್ಲಗ್, ಕಾಯಿಲ್, ಕಾರ್ಬುರೇಟರುಗಳಿಂದ ಗುಣವಾದ ಗಾಡಿಗಳು ಇದ್ದೇ ಇರುತ್ತವೆ. ಆದರೆ ಬೇರೊಂದು ಗಾಡಿಯ ಅನುಭವವನ್ನು ಈ ಗಾಡಿಯ ಪ್ರಮಾಣವೆಂದು ಭಾವಿಸಿದ್ದು ಅವರ ತಪ್ಪು. ಆ ತಪ್ಪಿನ ಬೆಲೆಯನ್ನು ತೆತ್ತವನು ರೈತ.

ಉಪಸಂಹಾರ

ಹೊಸ ವಾಹನಗಳಲ್ಲಿ ಕಾರ್ಬುರೇಟರಿನ ಸ್ಥಾನಕ್ಕೆ ಪೆಟ್ರೋಲನ್ನು ಅಳೆದು ಚಿಮ್ಮುವ ಇಂಜೆಕ್ಷನ್ ವ್ಯವಸ್ಥೆ ಬಂದಿದೆ; ದೋಷವನ್ನು ಸಂಕೇತದ ಮೂಲಕ ತಿಳಿಸುವ ಕಂಪ್ಯೂಟರು ಬಂದಿದೆ. ಹಳೆಯ ವಿದ್ಯೆ ಬಲ್ಲ ಮೇಸ್ತ್ರಿಗಳು ವೃದ್ಧರಾಗುತ್ತಿದ್ದಾರೆ. ಆದರೆ ಕಂಪ್ಯೂಟರು ಹೇಳುವುದೂ ರೂಪವನ್ನು ಮಾತ್ರ, ನಿದಾನವನ್ನಲ್ಲ. ಮಿಶ್ರಣ ತೆಳುವಾಗಿದೆ ಎಂದು ಅದು ಹೇಳಬಲ್ಲದು. ಯಾವ ಪೈಪು ಸೀಳಿದೆಯೆಂದು ಹುಡುಕಬೇಕಾದವನು ಇಂದಿಗೂ ಮನುಷ್ಯನೇ. ಸಂಕೇತವನ್ನು ಓದಿದೊಡನೆ ಬಿಡಿಭಾಗ ಬದಲಿಸುವವನು ಮೇಲಿನ ಪ್ರಸಂಗದ ಮೊದಲ ಮೂವರ ಸಾಲಿಗೇ ಸೇರುತ್ತಾನೆ.

ಶಾಲೆಯ ಅಧ್ಯಾಪಕರಿಗೆ ಈ ವಿಷಯದಲ್ಲಿ ಒಂದು ಅವಕಾಶವಿದೆ. ಭೌತಶಾಸ್ತ್ರದ ಒತ್ತಡ, ರಸಾಯನಶಾಸ್ತ್ರದ ದಹನ, ಗಣಿತದ ಅನುಪಾತ, ತರ್ಕದ ಅನ್ವಯವ್ಯತಿರೇಕ ಇವೆಲ್ಲವೂ ಒಂದು ಹಳೆಯ ಗಾಡಿಯ ಮುಚ್ಚಳದ ಕೆಳಗೆ ಒಟ್ಟಿಗೆ ಸಿಗುತ್ತವೆ. ನೋಡಿದ್ದನ್ನು ದಿನಾಂಕದೊಡನೆ ಬರೆದಿಡುವುದು, ಒಂದು ಸಲಕ್ಕೆ ಒಂದನ್ನೇ ಬದಲಿಸುವುದು, ತಿಳಿಯದೆ ತಿಳಿದಂತೆ ನಟಿಸದಿರುವುದು ಇಷ್ಟನ್ನು ಒಬ್ಬ ಹುಡುಗ ಅಲ್ಲಿ ಕಲಿತರೆ, ಮುಂದೆ ಅವನು ವೈದ್ಯನಾಗಲಿ, ಶಿಕ್ಷಕನಾಗಲಿ, ಮೇಸ್ತ್ರಿಯಾಗಲಿ, ಅವನನ್ನು ನಂಬಿ ಬಂದವರಿಗೆ ನಷ್ಟವಾಗದು. ನಿಧಾನವಾಗಿ ನಿದಾನವನ್ನು ಅರಿತವನು ತನ್ನ ನಿಧಿಯನ್ನಷ್ಟೇ ಅಲ್ಲ, ಪರರ ನಿಧಿಯನ್ನೂ ಉಳಿಸುತ್ತಾನೆ.